ಸಹಾಯ ಬೇಕು: ಕರೋನರ್ ವಿಚಾರಣೆಗೆ ವಕೀಲರು, ಬರ್ಮಿಂಗ್‌ಹ್ಯಾಮ್ ಸುತ್ತಮುತ್ತ

ಎಲ್ಲರಿಗೂ ನಮಸ್ಕಾರ. ನನ್ನ ಚಿಕ್ಕಪ್ಪನ ಮಗ ಇಲ್ಲಿನ ಒಂದು ಮಾನಸಿಕ ಆಸ್ಪತ್ರೆಯಲ್ಲಿ, ಕಾನೂನಿನಡಿ ಒಳಗಿಟ್ಟಿದ್ದಾಗಲೇ ತೀರಿಕೊಂಡ. ಈಗ ಇನ್‌ಕ್ವೆಸ್ಟ್ ಇದೆ, ಅಂದ್ರೆ ಸಾವಿನ ಬಗ್ಗೆ ಕರೋನರ್ ಅನ್ನೋ ಅಧಿಕಾರಿ ನಡೆಸೋ ವಿಚಾರಣೆ. ಅಲ್ಲಿ ಯಾರ ತಪ್ಪು ಅಂತ ತೀರ್ಪು ಕೊಡಲ್ಲ, ಹೇಗೆ ಸತ್ತ ಅನ್ನೋದಷ್ಟೇ ನೋಡೋದು, ವಕೀಲರು ಯಾಕೆ ಅಂತ ಕೆಲವರು ಕೇಳ್ತಾರೆ. ಹಾಗಾದ್ರೆ ಆಸ್ಪತ್ರೆ ಪರ ಬ್ಯಾರಿಸ್ಟರ್ ಬರ್ತಿರೋದು ಯಾಕೆ? ನಮ್ಮ ಕಡೆ ಇರೋದು ಹಾಸನದಿಂದ ಬಂದ ಚಿಕ್ಕಪ್ಪ, ಕೈಯಲ್ಲಿ '15 ನಿಮಿಷಕ್ಕೊಮ್ಮೆ ನೋಡಿದ್ದೇವೆ' ಅಂತ ಆಸ್ಪತ್ರೆಯವರು ಸಾಲಾಗಿ ಟಿಕ್ ಹಾಕಿದ ಹಾಳೆಗಳು. ಕುಟುಂಬದವರೂ ಸಾಕ್ಷಿಗಳನ್ನು ಪ್ರಶ್ನಿಸಬಹುದು, ನಿಜ. ಆದ್ರೆ ಚಿಕ್ಕಪ್ಪನಿಗೆ ಅಷ್ಟು ಇಂಗ್ಲಿಷ್ ಬರಲ್ಲ.

ಇಂಥ ಕೇಸಿಗೆ ಲೀಗಲ್ ಏಡ್‌ನ (ವಕೀಲರ ಖರ್ಚಿಗೆ ಸರ್ಕಾರ ಕೊಡೋ ನೆರವು) ಎಕ್ಸೆಪ್ಷನಲ್ ಕೇಸ್ ಫಂಡಿಂಗ್, ಅಂದ್ರೆ ವಿಶೇಷ ಕೇಸುಗಳಿಗೆ ಕೊಡೋ ಹಣ, ಸಿಗಬಹುದು. 2022ರಿಂದ ಅದಕ್ಕೆ ಆದಾಯದ ಲೆಕ್ಕ ಕೇಳಲ್ಲ. ಆ ಅರ್ಜಿ ಹಾಕಿ ಗೊತ್ತಿರೋ ಸಾಲಿಸಿಟರ್ ಯಾರಾದ್ರೂ ಇದ್ದಾರಾ? ವೀಸಾ, ಮನೆ ಖರೀದಿ ನೋಡೋರು ಬೇಡ. ವಿಚಾರಣೆ ದಿನ ಚಿಕ್ಕಪ್ಪನ ಪಕ್ಕ ಕೂತು ಕನ್ನಡದಲ್ಲಿ ಹೇಳೋರು ಸಿಕ್ಕರೂ ಉಪಕಾರ. ದಯವಿಟ್ಟು ಇನ್‌ಬಾಕ್ಸ್ ಮಾಡಿ.