ಪದಚರ್ಚೆ: ವೈರಸ್ ‘ಮರಿ ಹಾಕುತ್ತದೆ’ ಅನ್ನಬಹುದಾ?

ಮಂಡ್ಯದಿಂದ:
ಎಲ್ಲರಿಗೂ ನಮಸ್ಕಾರ. ಮದ್ದೂರು ಕಡೆಯ ಒಂದು ಊರಿನಲ್ಲಿ ಡೆಂಗಿ ಬಗ್ಗೆ ಗೋಡೆಬರಹ ಬರೆಸಬೇಕು. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾರೆ. ಕೈಗೆ ಬಂದಿರುವ ಕರಡು ಹೀಗಿದೆ: ‘ವೈರಾಣುವು ಅತಿಥೇಯ ಜೀವಿಯಲ್ಲಿ ಸಂತಾನೋತ್ಪತ್ತಿ ನಡೆಸಿ ವಾಹಕದ ಮೂಲಕ ಪ್ರಸರಣಗೊಳ್ಳುತ್ತದೆ.’ ಇದನ್ನು ಯಾರು ಓದುತ್ತಾರೆ? ‘ಮರಿ ಹಾಕುತ್ತದೆ’ ಅಂದರೆ ತಪ್ಪಾ? ಬೇಗ ತಿಳಿಸಿ.

ಮೈಸೂರು, ಸರಸ್ವತಿಪುರಂನಿಂದ:
ಮೊದಲು ದೀರ್ಘ ಹಾಕಿ. ಅದು ‘ಆತಿಥೇಯ’. ‘ಅತಿಥೇಯ’ ಎಷ್ಟು ಕಡೆ ಅಚ್ಚಾಗಿದ್ದರೂ ತಪ್ಪೇ. ತಿಥಿ ನೋಡದೆ ಬಂದವನು ಅತಿಥಿ, ಅವನನ್ನು ಉಪಚರಿಸುವವನು ಆತಿಥೇಯ. ಇಲ್ಲಿ, ರೋಗಾಣುವಿಗೆ ಮನೆಯಾದ ಜೀವಿ.

‘ಮರಿ ಹಾಕು’ ಖಂಡಿತ ಬೇಡ. ವೈರಸ್ಸಿಗೆ ತಾನಾಗಿ ಹೆರುವ ತಾಕತ್ತಿಲ್ಲ. ಜೀವಕೋಶದೊಳಗೆ ಹೊಕ್ಕು, ಅದರ ಕೈಯಲ್ಲೇ ತನ್ನ ನಕಲು ಮಾಡಿಸಿಕೊಳ್ಳುತ್ತದೆ. ಕನ್ನಡದ ‘ಇಸು’ ಪ್ರತ್ಯಯ ಇರುವುದೇ ಇಂಥ ಕೆಲಸಕ್ಕೆ. ಮಾಡುವುದಿಲ್ಲ, ಮಾಡಿಸುತ್ತದೆ. ‘ಸಂತಾನೋತ್ಪತ್ತಿ’ ಬರೆದವರಿಗೆ ಕ್ರಿಯಾಪದ ಗೊತ್ತಿಲ್ಲ.

ಪಾಂಡವಪುರದಿಂದ:
ದೀರ್ಘ ಹಾಕಿದರೆ ಊರಿನವರಿಗೆ ಅರ್ಥವಾಗಿಬಿಡುತ್ತಾ ಸ್ವಾಮಿ? ನಮ್ಮ ಮಾವಿನ ಮರಕ್ಕೆ ಬಂದಣಿಕೆ ಹತ್ತುತ್ತದೆ. ಅದರ ಹಣ್ಣು ತಿಂದ ಹಕ್ಕಿ ಅಂಟು ಬೀಜವನ್ನು ಇನ್ನೊಂದು ಕೊಂಬೆಗೆ ಮೆತ್ತಿ ಹೋಗುತ್ತದೆ. ಅಲ್ಲಿ ಮತ್ತೆ ಬೇರು ಇಳಿಯುತ್ತದೆ. ರೈತನಿಗೆ ಇದೆಲ್ಲ ಗೊತ್ತು, ನಿಮ್ಮ ಹೆಸರುಗಳಷ್ಟೇ ಗೊತ್ತಿಲ್ಲ. ಪರಾವಲಂಬಿಗೆ ‘ಬಂದಣಿಕೆ’ ಅನ್ನಿ, ಆತಿಥೇಯಕ್ಕೆ ‘ಆಸರೆ’ ಅನ್ನಿ. ಆನೆಕಾಲು, ನಾರುಹುಣ್ಣು, ಮಂಗನ ಕಾಯಿಲೆ ಅಂತ ಜನ ಯಾರನ್ನೂ ಕೇಳದೆ ಹೆಸರಿಟ್ಟುಕೊಂಡಿಲ್ವಾ?

ಮೈಸೂರು, ಕುವೆಂಪುನಗರದಿಂದ:
ಜೀವಶಾಸ್ತ್ರ ಪಾಠ ಮಾಡಿದವಳು ನಾನು, ಸ್ವಲ್ಪ ಕೇಳಿ. ‘ಮಂಗನ ಕಾಯಿಲೆ’ ಒಳ್ಳೆ ಹೆಸರೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುವಾಗ ಪತ್ತೆಯಾದದ್ದು. ಆದರೆ ರೋಗ ದಾಟಿಸುವುದು ರಕ್ತ ಹೀರುವ ಉಣ್ಣೆ ಹುಳು. ಹೆಸರು ನಂಬಿ ಮಂಗನನ್ನು ಓಡಿಸಿದರೆ ಏನು ಬಂತು?

ಕ್ರಿಯಾಪದ ಒಂದೇ ಸಾಲದು. ಆನೆಕಾಲಿನ ಹುಳು ಸೊಳ್ಳೆಯೊಳಗೆ ಬೆಳೆಯುತ್ತದೆ, ಆದರೆ ಒಂದು ಎರಡಾಗುವುದಿಲ್ಲ. ಮರಿ ಹಾಕುವುದು ನಮ್ಮ ಮೈಯಲ್ಲಿ. ಅಲ್ಲಿಗೆ ‘ಮರಿ’ ಸರಿ. ಮಲೇರಿಯಾ ಪರಾವಲಂಬಿಯ ಗಂಡು ಹೆಣ್ಣು ಕೂಡುವುದು ಸೊಳ್ಳೆಯ ಹೊಟ್ಟೆಯಲ್ಲಿ. ಹಾಗಾಗಿ ಶಾಸ್ತ್ರದ ಪ್ರಕಾರ ಅದಕ್ಕೆ ಪ್ರಧಾನ ಆತಿಥೇಯ ಸೊಳ್ಳೆ. ನಾವು ನಡುವಿನವರು! ಡೆಂಗಿ ವೈರಸ್ ನಮ್ಮಲ್ಲೂ ಹೆಚ್ಚುತ್ತದೆ, ಸೊಳ್ಳೆಯಲ್ಲೂ ಹೆಚ್ಚುತ್ತದೆ. ಸೊಳ್ಳೆಯ ಹೊಟ್ಟೆಯಿಂದ ಅದರ ಜೊಲ್ಲಿಗೆ ಬರಲು ಸುಮಾರು 8ರಿಂದ 12 ದಿನ ಬೇಕು. ‘ವಾಹಕ’ ಅಂದರೆ ಬಸ್ಸಿನ ಹಾಗೆ ಸುಮ್ನೆ ಹೊತ್ತು ತಂದಂತೆ ಕೇಳುತ್ತದೆ. ಗೋಡೆಗೆ ಇಷ್ಟು ಸಾಕು:

‘ಡೆಂಗಿ ಬಂದವರನ್ನು ಕಚ್ಚಿದ ಸೊಳ್ಳೆಯ ಮೈಯಲ್ಲಿ ವೈರಸ್ ಹೆಚ್ಚುತ್ತದೆ. ಆಮೇಲೆ ಅದು ಕಚ್ಚಿದವರಿಗೂ ಡೆಂಗಿ ಬರಬಹುದು. ಡ್ರಮ್, ತೊಟ್ಟಿ ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ.’

‘ಉಜ್ಜಿ’ ಬಿಡಬೇಡಿ. ಮೊಟ್ಟೆ ಒಳಗೋಡೆಗೆ ಅಂಟಿರುತ್ತದೆ. ನೀರಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ.

ಪಾಂಡವಪುರದಿಂದ:
ವಾಕ್ಯ ಚೆನ್ನಾಗಿದೆ ಮೇಡಂ. ಆದರೆ ‘ಡ್ರಮ್’ ಯಾಕೆ? ನಮ್ಮ ‘ಪೀಪಾಯಿ’ ಇಲ್ವಾ?

ಸರಸ್ವತಿಪುರಂನಿಂದ:
ಪೀಪಾಯಿ ಪೋರ್ಚುಗೀಸರದು. ನಿಮ್ಮ ‘ಆಸರೆ’ಯೂ ‘ಆಶ್ರಯ’ದ ತದ್ಭವ.

ಮಂಡ್ಯದಿಂದ:
ಡ್ರಮ್ ಅಂತಲೇ ಬರೆಸುತ್ತೇನೆ. ‘ವೈರಸ್’ಗೆ ಯಾರೂ ಪದ ಕಳಿಸಬೇಡಿ.