ತಾಲ್ಲೂಕು ಮಟ್ಟದಲ್ಲಿ ಸಿಗರೇಟು ಬಿಡಲು ಯಾರ ನೆರವು ಸಿಗುತ್ತದೆ?

ಪ್ರಶ್ನೆ (ತಿಪಟೂರು):
ನಾನು ಕೊಬ್ಬರಿ ವ್ಯಾಪಾರದಲ್ಲಿದ್ದೇನೆ. ಎಪಿಎಂಸಿ ಯಾರ್ಡಿನಲ್ಲಿ ಪ್ರತಿ ಸಲ ಟೀ ಕುಡಿದ ಕೂಡಲೇ ಸಿಗರೇಟು ಹಚ್ಚುವ ಅಭ್ಯಾಸ ಬಹಳ ಹಳೆಯದು. ಬಿಡಬೇಕೆಂದು ನಿಶ್ಚಯಿಸಿದರೂ ಎರಡು ಮೂರು ದಿನಗಳಲ್ಲೇ ಸಿಡುಕು ಹೆಚ್ಚಾಗಿ, ನಿದ್ದೆ ಕೆಟ್ಟು, ಮತ್ತೆ ಬೀಡಾ ಅಂಗಡಿಯ ಮುಂದೆ ನಿಂತಿರುತ್ತೇನೆ. ಕನ್ನಡದಲ್ಲಿ ಮಾತನಾಡಿ ದಾರಿ ತೋರಿಸುವವರು ಹತ್ತಿರದಲ್ಲಿ ಇದ್ದಾರೆಯೇ? ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ತಮ್ಮನಿಗೆ ವೇಪ್ (ಇ-ಸಿಗರೇಟು) ಚಟವಿದೆ. ಅದು ನಿಷೇಧಿತ ವಸ್ತುವಾದ್ದರಿಂದ ಆಸ್ಪತ್ರೆಯಲ್ಲಿ ಬಾಯಿ ಬಿಡಲು ಅವನು ಹೆದರುತ್ತಿದ್ದಾನೆ.

ಉತ್ತರ 1:
ಸಿಗರೇಟು ಪ್ಯಾಕಿನ ಎಚ್ಚರಿಕೆ ಚಿತ್ರದ ಜೊತೆ ಅಚ್ಚಾಗಿರುವ 1800-11-2356 ಸಂಖ್ಯೆಗೆ ಮೊದಲು ಕರೆ ಮಾಡಿ; ಅದು ಉಚಿತ. ದೆಹಲಿಯಲ್ಲಿ 2016ರಲ್ಲಿ ಆರಂಭವಾದ ಈ ರಾಷ್ಟ್ರೀಯ ಸಹಾಯವಾಣಿಗೆ 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕೂಡ ಸೇರಿದ್ದರಿಂದ ಕನ್ನಡದಲ್ಲಿಯೇ ಮಾತನಾಡುವ ಆಪ್ತಸಮಾಲೋಚಕರು ಸಿಗುತ್ತಾರೆ. ದಿನಕ್ಕೆ ಎಷ್ಟು ಸೇದುತ್ತೀರಿ, ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು ಬೇಕಾಗುತ್ತದೆ ಎಂದು ವಿಚಾರಿಸಿ, ಬಿಡುವ ದಿನವನ್ನು ನಿಮ್ಮೊಂದಿಗೇ ಗೊತ್ತುಮಾಡಿ, ಆಮೇಲೆ ಅವರೇ ಮತ್ತೆ ಕರೆ ಮಾಡಿ ವಿಚಾರಿಸಿಕೊಳ್ಳುತ್ತಾರೆ. ನೀವು ಹೇಳುವ ಆ ಮೂರನೆಯ ದಿನವೇ ಸಾಮಾನ್ಯವಾಗಿ ಅತ್ಯಂತ ಕಠಿಣವಾದದ್ದು. ಎರಡರಿಂದ ನಾಲ್ಕು ವಾರಗಳಲ್ಲಿ ಈ ತೊಂದರೆಗಳು ಬಹುಮಟ್ಟಿಗೆ ಇಳಿಯುತ್ತವೆ. ಆದ್ದರಿಂದ ಮೊದಲ ವಾರ ಒಬ್ಬರೇ ಹೆಣಗಬೇಡಿ.

ಉತ್ತರ 2 (ಔಷಧಾಲಯದಲ್ಲಿ ಕೆಲಸ ಮಾಡುವವನು):
ಮಾತಿನ ಜೊತೆಗೆ ಔಷಧವೂ ಸೇರಿದರೆ ಯಶಸ್ಸಿನ ಸಾಧ್ಯತೆ ಹೆಚ್ಚುತ್ತದೆ. 2 ಮಿಲಿಗ್ರಾಂ ನಿಕೋಟಿನ್ ಗಮ್ ವೈದ್ಯರ ಚೀಟಿಯಿಲ್ಲದೆ ದೊರೆಯುತ್ತದೆ, 4 ಮಿಲಿಗ್ರಾಂನದಕ್ಕೆ ಚೀಟಿ ಬೇಕು. ಅನೇಕರು ಇದನ್ನು ಚೂಯಿಂಗ್ ಗಮ್‌ನಂತೆ ಒಂದೇ ಸಮನೆ ಜಗಿದು, ಬಿಕ್ಕಳಿಕೆ, ಹೊಟ್ಟೆ ತೊಳಸು ಬಂದು, ಪ್ರಯೋಜನವಿಲ್ಲವೆಂದು ಬಿಟ್ಟುಬಿಡುತ್ತಾರೆ. ನಾಲಿಗೆಗೆ ಖಾರ ತಟ್ಟುವವರೆಗೆ ನಿಧಾನವಾಗಿ ಜಗಿದು, ಕೆನ್ನೆ ಮತ್ತು ವಸಡಿನ ನಡುವೆ ಒತ್ತರಿಸಿಟ್ಟು, ಖಾರ ಇಳಿದ ಮೇಲೆ ಮತ್ತೆ ಜಗಿಯಬೇಕು; ಹೀಗೆ ಸುಮಾರು ಅರ್ಧ ಗಂಟೆ. ನಿಮಗೆ ಮುಖ್ಯವಾದ ಮಾತೆಂದರೆ, ಗಮ್ ಬಾಯಲ್ಲಿದ್ದಾಗ ಮತ್ತು ಅದಕ್ಕೆ ಮುಂಚಿನ 15 ನಿಮಿಷ ಟೀ, ಕಾಫಿ ಕುಡಿಯಬಾರದು, ಏಕೆಂದರೆ ಆಗ ನಿಕೋಟಿನ್ ಬಾಯೊಳಗೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಹೃದ್ರೋಗವಿದ್ದರೆ ವೈದ್ಯರನ್ನು ಕೇಳಿಯೇ ಆರಂಭಿಸಿ. ತುಮಕೂರಿನ ಜಿಲ್ಲಾಸ್ಪತ್ರೆಗೆ ಹೋದಾಗ ತಂಬಾಕು ವ್ಯಸನಮುಕ್ತಿ ಕೇಂದ್ರವನ್ನು ವಿಚಾರಿಸಿ.

ಉತ್ತರ 3:
ತಮ್ಮನ ಬಗ್ಗೆ ಒಂದು ಮಾತು. 2019ರ ಕೇಂದ್ರ ಕಾಯ್ದೆ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತುಗಳನ್ನು ನಿಷೇಧಿಸಿದೆ ಎಂಬುದು ನಿಜ. ಆದರೆ ಚಿಕಿತ್ಸೆಗೆ ಬಂದವನ ಮಾತನ್ನು ಗೋಪ್ಯವಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಅವನು ಬೆಂಗಳೂರಿನಲ್ಲೇ ಇರುವುದರಿಂದ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ನೇರವಾಗಿ ಹೋಗಬಹುದು. ರಾತ್ರಿ ಹೊತ್ತು ಚಡಪಡಿಕೆ ಹೆಚ್ಚಾದರೆ 14416ಕ್ಕೆ, ಅಂದರೆ ದಿನದ 24 ಗಂಟೆಯೂ ಇರುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಕರೆ ಮಾಡಲಿ. ಮೊದಲ ಸಲ ನೀವೂ ಜೊತೆಗೆ ಹೋದರೆ ಅವನ ಅಂಜಿಕೆ ಅರ್ಧ ಕಡಿಮೆಯಾದೀತು. ಸಿಗರೇಟು ಬಿಡುವ ನಿಮ್ಮ ವಿಷಯವನ್ನೂ ಅಲ್ಲೇ ಮಾತನಾಡಬಹುದು.