ನೋಡುವುದು ನಮ್ಮ ಅಂಗಡಿಯಲ್ಲಿ, ಕೊಳ್ಳುವುದು ಮೊಬೈಲ್‌ನಲ್ಲಿ: ಏನು ಮಾಡಲಿ?

ಅಂಗಡಿಯವನು, ಚಿಕ್ಕಮಗಳೂರು

ಎಂ.ಜಿ. ರಸ್ತೆಗೆ ತಾಗಿದ ಗಲ್ಲಿಯಲ್ಲಿ ನಮ್ಮದು ಮಿಕ್ಸಿ, ಕುಕ್ಕರ್, ಸ್ಟೌ ವ್ಯಾಪಾರ. ಅಪ್ಪ ಹಾಕಿದ ಅಂಗಡಿ. ಗಲ್ಲಾದಲ್ಲಿ ನಾನು ಕೂತು ಹತ್ತೊಂಬತ್ತು ವರ್ಷವಾಯಿತು.

ಹೋದ ವಾರ ಗಂಡ ಹೆಂಡತಿ ಬಂದರು. ಮೂರು ಮಿಕ್ಸಿ ಬಿಚ್ಚಿಸಿದರು. ಪರೀಕ್ಷೆಗೆಂದೇ ನಾನು ದಿನಾ ಒಂದು ಹಿಡಿ ಅಕ್ಕಿ ನೆನೆಹಾಕಿಟ್ಟಿರುತ್ತೇನೆ. ಅದನ್ನೂ ರುಬ್ಬಿ ತೋರಿಸಿದೆ. ಆತ ಮಿಕ್ಸಿಯನ್ನು ಮಗುಚಿ, ತಳದಲ್ಲಿದ್ದ ಮಾಡೆಲ್ ನಂಬರಿನ ಫೋಟೊ ತೆಗೆದುಕೊಂಡರು. ‘ಮನೆಯಲ್ಲಿ ಕೇಳಿ ಬರುತ್ತೇವೆ’ ಎಂದರು. ಮನೆಯವರಿಬ್ಬರೂ ಅಲ್ಲೇ ನಿಂತಿದ್ದರು!

ಆರನೆಯ ದಿನ ಬಂದದ್ದು ಚಟ್ನಿ ಜಾರು ಸೋರುತ್ತದೆ ಎಂದು. ಆನ್‌ಲೈನ್‌ನಲ್ಲಿ ಅವರು ಕೊಟ್ಟ ಬೆಲೆ, ಡೀಲರ್ ನನಗೆ ಕೊಡುವ ಬೆಲೆಗಿಂತ 140 ರೂಪಾಯಿ ಕಡಿಮೆ. ವಾಷರ್ ಹಾಕಿ 30 ರೂಪಾಯಿ ಪಡೆದೆ.

ನಾನೂ ಆನ್‌ಲೈನ್‌ಗೆ ಇಳಿಯಬೇಕೇ? ಜಿಎಸ್‌ಟಿಯಲ್ಲಿ ಕಾಂಪೋಸಿಷನ್‌ನಲ್ಲಿದ್ದೇನೆ, ಅಂದರೆ ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆ ಕಟ್ಟುವ ಯೋಜನೆಯಲ್ಲಿ.

ಪಾತ್ರೆ ವ್ಯಾಪಾರಿ, ಹಾಸನ

ಇಳಿಯಬಹುದು. ಮೊದಲು ಕಾಂಪೋಸಿಷನ್‌ನವರಿಗೆ ಆ ಬಾಗಿಲೇ ಮುಚ್ಚಿತ್ತು. 2023ರ ಅಕ್ಟೋಬರ್ 1ರಿಂದ ರಾಜ್ಯದೊಳಗಿನ ಮಾರಾಟಕ್ಕೆ ತೆರೆದಿದೆ. ಕೇರಳದಿಂದ ಆರ್ಡರ್ ಬಂದರೆ ಕೈಕಟ್ಟಿ ಕೂರಬೇಕು. ಹೊರರಾಜ್ಯಕ್ಕೂ ಮಾರುವ ಆಸೆಯಿದ್ದರೆ ಶೇ 1ರ ತೆರಿಗೆಯ ಸುಖ ಬಿಟ್ಟು ಮಾಮೂಲಿ ನೋಂದಣಿಗೆ ಬನ್ನಿ.

ನಾನು ಎರಡು ವರ್ಷ ಮಾರಿ ನಿಲ್ಲಿಸಿದೆ. ಕಮಿಷನ್ ಹೋಗಲಿ, ವಾಪಸಾತಿಯೇ ಕೊಂದಿತು. ಒಮ್ಮೆ ನಾನು ಕಳಿಸಿದ ಹೊಸ ಕುಕ್ಕರಿನ ಡಬ್ಬಿಯಲ್ಲಿ ಹಿಡಿ ಸುಟ್ಟ ಹಳೆಯದು ಹಿಂತಿರುಗಿತು. ದೂರು ಕೊಟ್ಟೆ, ‘ಫೋಟೊ ಸ್ಪಷ್ಟವಾಗಿಲ್ಲ’ ಎಂದರು.

ಕಂಪನಿ ಮಿಕ್ಸಿಯಲ್ಲಿ ಬೆಲೆಯ ಜಗಳಕ್ಕೆ ಹೋಗಬೇಡಿ. ವಿದೇಶಿ ಬಂಡವಾಳದ ತಾಣಗಳು ಬೆಲೆಯಲ್ಲಿ ಕೈಯಾಡಿಸಬಾರದೆಂದು 2016ರಿಂದಲೇ ನಿಯಮವಿದೆ, 2019ರಲ್ಲಿ ಇನ್ನಷ್ಟು ಬಿಗಿಯಾಯಿತು. ಅದನ್ನು ನಂಬಿಕೊಂಡು ನಾವು ಷಟರ್ ಎತ್ತಲಾಗುವುದಿಲ್ಲ. ಶ್ಯಾವಿಗೆ ಒರಳು, ರೊಟ್ಟಿ ಕಾವಲಿ, ಬಿಡಿಭಾಗ ಇಟ್ಟುಕೊಳ್ಳಿ. ವಾಷರ್‌ಗೆ 30 ತೆಗೆದುಕೊಂಡಿದ್ದೂ ಕಡಿಮೆಯೇ. ವಸ್ತುವಿಗೆ ಬೇರೆ, ಕೈಕೆಲಸಕ್ಕೆ ಬೇರೆ ಹಾಕಿ.

ಗಿರಾಕಿ, ಮೂಡಿಗೆರೆ ಕಡೆ

ಕೋಪಿಸಿಕೊಳ್ಳಬೇಡಿ ಸರ್, ಆ ಫೋಟೊ ತೆಗೆಯುವ ಜಾತಿಯವಳೇ ನಾನೂ. ನಮ್ಮದು ತೋಟದ ಮನೆ. ಸಾಮಾನು ಕೈಗೆ ಬಂದ ಮೇಲೆ ದುಡ್ಡು ಕೊಟ್ಟರೆ ಸಾಕು ಎಂಬುದನ್ನು ಫ್ಲಿಪ್‌ಕಾರ್ಟ್ 2010ರಲ್ಲಿ ತಂದಿತು. ಅದು ಬಂದ ಮೇಲೆಯೇ ನನ್ನಂಥವಳಿಗೆ ಧೈರ್ಯ ಬಂದದ್ದು. ಈಗಲೂ ಡೆಲಿವರಿ ಹುಡುಗ ಮನೆತನಕ ಬರುವುದಿಲ್ಲ, ಮಳೆಗಾಲದಲ್ಲಂತೂ ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಇಟ್ಟು ಹೋಗುತ್ತಾನೆ.

ಆದರೂ ಆನ್‌ಲೈನ್ ಯಾಕೆ ಗೊತ್ತೇ? ಅಂಗಡಿಗೆ ಫೋನ್ ಮಾಡಿ ಬೆಲೆ ಕೇಳಿದರೆ, ‘ಬನ್ನಿ ಅಕ್ಕ, ಮಾಡಿಕೊಡೋಣ’ ಎನ್ನುತ್ತಾರೆ. ಆ ‘ಮಾಡಿಕೊಡೋಣ’ ಎಷ್ಟು ಎಂದು ತಿಳಿಯಲು ನಾನು ಅರ್ಧ ದಿನ ಕಳೆದು ಪೇಟೆಗೆ ಬರಬೇಕೇ?

ಅಂಗಡಿಯವನು, ಚಿಕ್ಕಮಗಳೂರು

ಅಕ್ಕ, ಸರಿಯಾಗಿ ಕುಟುಕಿದಿರಿ. ಫೋನಿನಲ್ಲಿ ನಾನೂ ಹಾಗೆಯೇ ಹೇಳುವುದು; ಬೆಲೆ ಹೇಳಿದರೆ ಪಕ್ಕದಂಗಡಿಗೆ ಹೋಗಿ ಹತ್ತು ರೂಪಾಯಿ ಇಳಿಸುತ್ತಾರೆಂಬ ಭಯ.

ನಿನ್ನೆ ಮಗಳನ್ನು ಕೂರಿಸಿಕೊಂಡು ನಲವತ್ತು ಸಾಮಾನಿನ ಫೋಟೊ ತೆಗೆಸಿ, ಬೆಲೆ ಸಮೇತ ವಾಟ್ಸ್ಆ್ಯಪ್ ಕ್ಯಾಟಲಾಗ್‌ಗೆ ಹಾಕಿದೆ. ಹಿತ್ತಾಳೆಯ ಶ್ಯಾವಿಗೆ ಒರಳೇ ಮೊದಲು. ಗಂಟೆಯೊಳಗೆ ಸಂದೇಶ ಬಂತು, ಪಕ್ಕದಂಗಡಿಯವರಿಂದ: ‘ಬೆಲೆ ಯಾಕೆ ಹಾಕಿದಿರಿ?’